ಸಹಾಯ ಬೇಕು: ಅಘನಾಶಿನಿಯ ಯಾವ ಹಳ್ಳದಿಂದ ಕೆಲಸ ಆರಂಭಿಸಬೇಕು?

ಶಿರಸಿ ಸುತ್ತಲಿನ ನಾವು ಕೆಲವರು, ಅಘನಾಶಿನಿಗೆ ಸೇರುವ ಹಳ್ಳಗಳ ದಂಡೆಯಲ್ಲಿ ಸ್ಥಳೀಯ ಮರಗಳನ್ನು ಮತ್ತೆ ಬೆಳೆಸಿ ಮಣ್ಣಿನ ಕುಸಿತ ತಡೆಯಬೇಕೆಂದಿದ್ದೇವೆ. ಆದರೆ ಇರುವ ಹಣ ಒಂದೆರಡು ಹಳ್ಳಗಳಿಗಷ್ಟೇ ಸಾಕಾಗುವುದರಿಂದ ಆಯ್ಕೆ ಕಷ್ಟವಾಗಿದೆ. ಅತಿ ಹಾಳಾದ ಜಾಗಕ್ಕೇ ಮೊದಲು ಕೈಹಾಕಬೇಕೆಂಬುದು ಹಲವರ ಮಾತು. ನನಗೆ ಅದು ಸರಿಯೆನಿಸುವುದಿಲ್ಲ. ಖರ್ಚಾಗುವ ಪ್ರತಿ ರೂಪಾಯಿಗೆ ಹೊಳೆಗೆ ಸಿಗುವ ಲಾಭವನ್ನು ನೋಡಬೇಕು, ಏಕೆಂದರೆ ಮೇಲಿನಿಂದ ಹೂಳು ಬರುತ್ತಲೇ ಇದ್ದರೆ ಕೆಳಗಿನ ದುರಸ್ತಿ ಬಾಳುವುದಿಲ್ಲ, ಕೆಳಗೆ ಒಡ್ಡು ಅಡ್ಡವಿದ್ದರೆ ಮೇಲ್ಭಾಗವನ್ನು ಎಷ್ಟು ಸುಧಾರಿಸಿದರೂ ಮೀನು ಅಲ್ಲಿಗೆ ಏರಲಾರದು. ಬೇಸಿಗೆಯ ಹರಿವು, ಜಮೀನಿನ ಒಡೆತನ, ಅಡಿಕೆ ತೋಟಿಗರ ಒಪ್ಪಿಗೆ ಮತ್ತು (ಎಲ್ಲರೂ ಮರೆಯುವ) ಮುಂದಿನ ನಿರ್ವಹಣೆಯ ವೆಚ್ಚ, ಇವನ್ನೆಲ್ಲ ಒಟ್ಟಿಗೆ ತೂಗುವ ಸರಳ ವಿಧಾನವನ್ನು ಬಲ್ಲವರು ದಯವಿಟ್ಟು ತಿಳಿಸಿ; ಮಳೆಗಾಲಕ್ಕೆ ಮುನ್ನ ನಮ್ಮೊಂದಿಗೆ ಹಳ್ಳ ನೋಡಲು ಬರುವುದಾದರೆ ಇನ್ನೂ ಉಪಕಾರವಾಗುತ್ತದೆ.