ಅಮೆರಿಕಾ ಸ್ಕೂಲಲ್ಲಿ ಮಗಳನ್ನ ಇಎಸ್ಎಲ್‌ಗೆ (ಇಂಗ್ಲಿಷ್ ಮನೆಮಾತಲ್ಲದ ಮಕ್ಕಳಿಗೆ ಇಂಗ್ಲಿಷ್ ಕಲಿಸೋ ಪ್ರೋಗ್ರಾಂ) ಹಾಕೋದಾ ಬೇಡ್ವಾ? (ಟೆಕ್ಸಾಸ್‌ನ ಡಾಲಸ್ ಕಡೆ, 3ನೇ ಕ್ಲಾಸು)

ಬೆಣ್ಣೆದೋಸೆ_ದಾವಣಗೆರೆ:
ನಮಸ್ಕಾರ ಎಲ್ರಿಗೂ. ಯಜಮಾನ್ರ ಕೆಲಸದ ಮೇಲೆ ಈಗಷ್ಟೇ ಡಾಲಸ್ ಪಕ್ಕಕ್ಕೆ ಬಂದಿದೀವಿ. ಮಗಳು ಊರಲ್ಲಿ ಕನ್ನಡ ಮೀಡಿಯಂ, ಇಂಗ್ಲಿಷ್ ಓದ್ತಾಳೆ ಬರೀತಾಳೆ, ಆದ್ರೆ ಯಾರಾದ್ರೂ ಮಾತಾಡ್ಸಿದ್ರೆ ಬಾಯೇ ಬಿಡಲ್ಲ. ಅಡ್ಮಿಷನ್ ಜೊತೆ ಹೋಮ್ ಲ್ಯಾಂಗ್ವೇಜ್ ಸರ್ವೆ ಅಂತ ಒಂದು ಫಾರ್ಮ್ ಕೊಟ್ಟಿದಾರೆ, ಮನೇಲಿ ಯಾವ ಭಾಷೆ ಅಂತ. ಇಲ್ಲಿನ ವಾಟ್ಸಾಪ್ ಗ್ರೂಪಲ್ಲಿ ಎಲ್ರೂ "ಇಂಗ್ಲಿಷ್ ಅಂತ ಬರ್ದುಬಿಡಿ, ಇಲ್ಲಾಂದ್ರೆ ಇಎಸ್ಎಲ್ ಮುದ್ರೆ ಬೀಳುತ್ತೆ, ಗಿಫ್ಟೆಡ್ (ತುಂಬಾ ಚುರುಕಾದ ಮಕ್ಕಳ) ಪ್ರೋಗ್ರಾಂಗೆ ತಗೊಳ್ಳಲ್ಲ" ಅಂತಾರೆ. ಪುಲ್ ಔಟ್, ಕಂಟೆಂಟ್ ಬೇಸ್ಡ್, ಡ್ಯುಯಲ್ ಲ್ಯಾಂಗ್ವೇಜ್ ಅಂತ ಏನೇನೋ ಹೆಸರು ಬೇರೆ. ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಪ್ಲೇನೋ_ಅಪ್ಪ:
ಕನ್ನಡ ಅಂತಾನೇ ಬರೀರಿ ಮೇಡಂ. ಫಾರ್ಮಲ್ಲಿ ಕನ್ನಡ ಅಂತ ಬರೆದ ತಕ್ಷಣ ಇಎಸ್ಎಲ್‌ಗೆ ತಳ್ಳಲ್ಲ, ಮೊದ್ಲು ಒಂದು ಟೆಸ್ಟ್ ಕೊಡ್ತಾರೆ, ಅದ್ರಲ್ಲಿ ಕಮ್ಮಿ ಬಂದ್ರೆ ಎಲ್‌ಪ್ಯಾಕ್ ಅಂತ ಸ್ಕೂಲಿನ ಕಮಿಟಿ ಕೂತು ತೀರ್ಮಾನ ಮಾಡುತ್ತೆ, ನಿಮಗೆ ಪತ್ರ ಬರುತ್ತೆ, ನೀವು ಒಪ್ಪಿ ಸೈನ್ ಹಾಕಿದ್ರೇನೇ ಪ್ರೋಗ್ರಾಂ. ಬೇಡ ಅನ್ನೋ ಹಕ್ಕೂ ಇದೆ. ಆದ್ರೆ ಬೇಡ ಅಂದ್ರೂ ವರ್ಷಕ್ಕೊಂದ್ಸಲ ಟೆಲ್ಪಾಸ್ ಅಂತ ಇಂಗ್ಲಿಷ್ ಎಷ್ಟು ಬಂತು ಅಂತ ನೋಡೋ ಪರೀಕ್ಷೆ ತಪ್ಪಲ್ಲ, ಅಂದ್ರೆ ಪರೀಕ್ಷೆ ಇರುತ್ತೆ ಪಾಠ ಇರಲ್ಲ, ಅದ್ಯಾವ ಲಾಭ ಹೇಳಿ. ಗಿಫ್ಟೆಡ್ ಕಥೆ ಸುಳ್ಳು, ಇಂಗ್ಲಿಷ್ ಕಲೀತಿದಾರೆ ಅನ್ನೋ ಕಾರಣಕ್ಕೆ ಹೊರಗಿಡೋ ಹಾಗಿಲ್ಲ.

ಮಲ್ನಾಡ್_ಹುಡ್ಗಿ:
ಕಾಗದದ ಮೇಲೆ ಎಲ್ಲಾ ಚೆನ್ನಾಗೇ ಇರುತ್ತೆ ಬಿಡಿ. ನನ್ನ ಮಗನ್ನ ಪುಲ್ ಔಟ್‌ಗೆ ಹಾಕಿದ್ರು, ದಿನಾ ಸರಿಯಾಗಿ ಸೈನ್ಸ್ ಟೈಮಲ್ಲೇ ಕ್ಲಾಸಿಂದ ಎಬ್ಬಿಸ್ಕೊಂಡು ಹೋಗೋರು, ವಾಪಸ್ ಬಂದ್ರೆ ಪ್ರಯೋಗ ಮುಗಿದಿರೋದು, ಪಕ್ಕದವರ ಹಾಳೆ ನೋಡ್ಕೊಂಡು ಬರ್ಕೊಳೋದು. ಇಂಗ್ಲಿಷ್ ಬಂತು, ಇಲ್ಲ ಅನ್ನಲ್ಲ, ಆದ್ರೆ ಸೈನ್ಸಿನ ಮಾತುಗಳೇ ಬರ್ಲಿಲ್ಲ. ಸೈನ್ ಹಾಕೋಕ್ ಮುಂಚೆ ಯಾವ ಪೀರಿಯಡ್‌ನಲ್ಲಿ ಕರ್ಕೊಂಡು ಹೋಗ್ತೀರಾ ಅಂತ ಕೇಳಿ.

ಸ್ಕೂಲ್_ಸಬ್ಬಮ್ಮ:
ನಾನು ಇಲ್ಲಿ ಎಲಿಮೆಂಟರಿ ಸ್ಕೂಲಲ್ಲಿ ಸಬ್ (ಟೀಚರ್ ರಜಾ ಹಾಕಿದಾಗ ಬದಲಿ ಟೀಚರ್) ಆಗಿ ಹೋಗ್ತೀನಿ, ಸ್ವಲ್ಪ ಹೇಳ್ತೀನಿ. ಮಲ್ನಾಡ್ ಅವರು ಹೇಳಿದ್ದು ಪುಲ್ ಔಟ್‌ನ ಹಳೇ ರೋಗ. ಕಂಟೆಂಟ್ ಬೇಸ್ಡ್ ಅಂದ್ರೆ ಮಗು ಕ್ಲಾಸಲ್ಲೇ ಇರುತ್ತೆ, ಇಎಸ್ಎಲ್ ಸರ್ಟಿಫಿಕೇಟ್ ಇರೋ ಟೀಚರೇ ಸೈನ್ಸು ಮ್ಯಾಥ್ಸು ಮಾಡ್ತಾರೆ, ಪಾಠ ಅದೇ 3ನೇ ಕ್ಲಾಸಿಂದು, ಆದ್ರೆ ಚಿತ್ರ ತೋರಿಸಿ, ಕೈಸನ್ನೆ ಮಾಡಿ, ವಾಕ್ಯದ ಅರ್ಧ ಬೋರ್ಡ್ ಮೇಲೆ ಬರೆದು ಮಿಕ್ಕಿದ್ದು ಮಗು ಹತ್ರ ಹೇಳಿಸ್ತಾರೆ. ಶೆಲ್ಟರ್ಡ್ ಅನ್ನೋದೂ ಹೆಚ್ಚೂಕಮ್ಮಿ ಇದೇ. ಓದೋಕೆ ಬರೆಯೋಕೆ ಆಗ್ಲೇ ಬರೋ ಮಗುಗೆ ನಾನಾಗಿದ್ರೆ ಇದನ್ನೇ ಆರಿಸ್ತಿದ್ದೆ.

ಬೈಲಿಂಗ್ವಲ್, ಅಂದ್ರೆ ಮನೆಮಾತಲ್ಲೂ ಇಂಗ್ಲಿಷಲ್ಲೂ ಪಾಠ, ನಮಗೆ ಸಿಗಲ್ಲ ಅನ್ಕೊಳ್ಳಿ. ಟೆಕ್ಸಾಸ್ ಕಾನೂನು ಪ್ರಕಾರ ಸ್ಕೂಲ್ ಡಿಸ್ಟ್ರಿಕ್ಟಲ್ಲಿ (ಆ ಊರಿನ ಸರ್ಕಾರಿ ಸ್ಕೂಲುಗಳ ಆಡಳಿತ) ಒಂದೇ ಗ್ರೇಡಲ್ಲಿ ಒಂದೇ ಭಾಷೆಯ, ಇಂಗ್ಲಿಷ್ ಕಲೀತಿರೋ 20 ಮಕ್ಕಳಿದ್ರೆ ಆ ಭಾಷೇಲಿ ಕೊಡ್ಬೇಕು, ಟೀಚರ್ ಸಿಗದಿದ್ರೆ ವಿನಾಯಿತಿ ತಗೋತಾರೆ. ಹೆಚ್ಚಾಗಿ ಸ್ಪ್ಯಾನಿಷ್‌ದೇ. (ಕನ್ನಡದ 20 ಮಕ್ಕಳನ್ನ ಒಟ್ಟಿಗೆ ನೋಡ್ಬೇಕಂದ್ರೆ ರಾಜ್ಯೋತ್ಸವಕ್ಕೇ ಹೋಗ್ಬೇಕು 😄) ಡ್ಯುಯಲ್ ಲ್ಯಾಂಗ್ವೇಜ್ ಅಂತ ಬಂದಿದ್ರೆ ಅರ್ಧ ದಿನ ಸ್ಪ್ಯಾನಿಷಲ್ಲಿ ಪಾಠ ಇರಬಹುದು, ಈಗಷ್ಟೇ ಬಂದ ಮಗುಗೆ ಒಟ್ಟಿಗೆ ಎರಡು ಹೊಸ ಭಾಷೆ ಜಾಸ್ತಿ ಅನ್ಸುತ್ತೆ ನನಗೆ.

ಇನ್ನೊಂದು, ಇದು ಸ್ಕೂಲಿನವರು ದಯೆ ತೋರಿಸಿ ಕೊಡೋದಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಮಕ್ಕಳ ಕಡೆಯವರು ಸುಪ್ರೀಂ ಕೋರ್ಟ್‌ವರೆಗೂ ಹೋಗಿದ್ರು, ಲಾವ್ ವರ್ಸಸ್ ನಿಕೋಲ್ಸ್, 1974. ಎಲ್ರಿಗೂ ಅದೇ ಪುಸ್ತಕ ಅದೇ ಟೀಚರ್ ಕೊಟ್ಟ ಮಾತ್ರಕ್ಕೆ ಸಮಾನತೆ ಆಗಲ್ಲ ಅಂತ ಕೋರ್ಟ್ ಹೇಳ್ತು.

ಬೆಣ್ಣೆದೋಸೆ_ದಾವಣಗೆರೆ:
ತುಂಬಾ ಥ್ಯಾಂಕ್ಸ್ ಮೇಡಂ. ಕನ್ನಡ ಅಂತ ಬರೆದು ಕೊಟ್ಬಿಡ್ತೀನಿ. ಎಷ್ಟು ವರ್ಷ ಇರ್ಬೇಕಾಗುತ್ತೆ ಇದ್ರಲ್ಲಿ? ಮತ್ತೆ ಮಾತೇ ಆಡ್ದಿದ್ರೆ ದಡ್ಡಿ ಅನ್ಕೊಳಲ್ವಾ?

ಸ್ಕೂಲ್_ಸಬ್ಬಮ್ಮ:
ಮೊದಮೊದ್ಲು ಮಕ್ಕಳು ಬರೀ ಕೇಳಿಸ್ಕೋತಾ ಇರೋದು ಇಎಸ್ಎಲ್ ಟೀಚರ್‌ಗಳಿಗೆ ಹೊಸದೇನಲ್ಲ, ಹೆದರ್ಬೇಡಿ. ಆಟದ ಮೈದಾನದ ಇಂಗ್ಲಿಷ್ ಒಂದೆರಡು ವರ್ಷದಲ್ಲಿ ಬಂದ್ಬಿಡುತ್ತೆ, ಪಾಠದ ಇಂಗ್ಲಿಷ್‌ಗೆ 5ರಿಂದ 7 ವರ್ಷ ಅಂತ ಜಿಮ್ ಕಮ್ಮಿನ್ಸ್ ಅನ್ನೋ ಕೆನಡಾದ ಪ್ರೊಫೆಸರ್ ಹೇಳಿದಾರೆ. ಅದಕ್ಕೇ ಪಟಪಟ ಮಾತಾಡ್ತಾಳೆ ಅಂತ ನೋಡಿ ಬೇಗ ತೆಗೆಸ್ಬೇಡಿ. ಹೊರಗೆ ಬಂದ್ಮೇಲೂ ಎರಡು ವರ್ಷ ಸ್ಕೂಲಿನವರು ಗಮನ ಇಟ್ಟಿರ್ತಾರೆ, ಹಿಂದೆ ಬಿದ್ರೆ ವಾಪಸ್ ಸೇರಿಸ್ಬಹುದು.

ಪ್ಲೇನೋ_ಅಪ್ಪ:
ಮನೇಲಿ ಕನ್ನಡ ಓದೋದು ನಿಲ್ಲಿಸ್ಬೇಡಿ ಮೇಡಂ. ಫಾರ್ಮ್ ಕೊಡುವಾಗ ಒಂದು ಕಾಪಿ ಫೋನಲ್ಲಿ ಹಿಡ್ಕೊಂಡಿರಿ, ಸ್ಕೂಲ್ ಬದಲಾಯಿಸಿದ್ರೆ ಕೇಳ್ತಾರೆ.