‘ಎಕ್ಸ್‌ಟೆನ್ಸಿವ್’, ‘ಇಂಟೆನ್ಸಿವ್’ ಗ್ರೀನ್ ರೂಫ್: ಕನ್ನಡದಲ್ಲಿ ಏನನ್ನೋಣ?

ನಗರದ ಕಟ್ಟಡಗಳ ಮೇಲೆ ತರಕಾರಿ ಬೆಳೆಯುವ ಬಗ್ಗೆ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೇಲಿನ ಎರಡು ಪದಗಳು ಅದರಲ್ಲಿ ಪುಟಪುಟಕ್ಕೂ ಬರುತ್ತವೆ. ನನ್ನ ಯೋಚನೆ ಮುಂದಿಡುತ್ತೇನೆ, ಬಲ್ಲವರು ತಿದ್ದಿ.

ಮೊದಲು ಬರೀ ಗ್ರೀನ್ ರೂಫ್. ‘ತಾರಸಿ ತೋಟ’ ಇದೆಯಲ್ಲ ಎನ್ನಬಹುದು. ಆದರೆ ತಾರಸಿ ತೋಟ ಎಂದರೆ ಕಣ್ಣಿಗೆ ಬರುವುದು ಕುಂಡ, ಗ್ರೋ ಬ್ಯಾಗ್, ಹಳೇ ಡ್ರಮ್ಮು. ಬೇಡವಾದರೆ ಎತ್ತಿ ಪಕ್ಕಕ್ಕಿಟ್ಟರಾಯಿತು. ಗ್ರೀನ್ ರೂಫ್ ಹಾಗಲ್ಲ. ಅದರಲ್ಲಿ ಮಣ್ಣು ಛಾವಣಿಯದೇ ಒಂದು ಭಾಗ. ತಳದಲ್ಲಿ ನೀರು ಇಳಿಯದ ಹೊದಿಕೆ, ಅದರ ಮೇಲೆ ಬೇರು ತೂರದಂತೆ ಇನ್ನೊಂದು, ಹೆಚ್ಚಾದ ನೀರು ಬಸಿದುಹೋಗಲು ಒಂದು ಪದರ, ಮಣ್ಣು ಜಾರಿ ಹೋಗದಂತೆ ಸೋಸುಬಟ್ಟೆ, ಆಮೇಲೆ ಮಣ್ಣು. ಬಸಿಗಾಲುವೆ ಎಂಬ ಮಾತು ಇರುವುದರಿಂದ ಆ ನಡುವಿನದಕ್ಕೆ ‘ಬಸಿಪದರ’ ಎಂದುಬಿಟ್ಟೆ. ಬೇರಿನದು ‘ಬೇರುತಡೆ’. ಇವು ಸಲೀಸಾದವು.

ಇಡೀ ರಚನೆಗೆ ‘ಹಸಿರು ಛಾವಣಿ’ ಸಾಕು ಅನಿಸುತ್ತದೆ. ಛಾವಣಿಗೆ ದಂಡು ಬೀಡುಬಿಟ್ಟ ಜಾಗ ಎಂಬ ಅರ್ಥವೂ ಇದೆ ನಿಜ, ಇಲ್ಲಿ ಯಾರೂ ಹಾಗೆ ಓದಲಾರರು. ಮಾಳಿಗೆ ನನಗೆ ಇನ್ನೂ ಇಷ್ಟವಿತ್ತು. ಕೆಲವು ಕಡೆ ಮಣ್ಣು ಹಾಸಿದ ಚಪ್ಪಟೆ ಸೂರಿಗೇ ಮಾಳಿಗೆ ಅನ್ನುತ್ತಾರೆ. ಉಳಿದ ಕಡೆ ಅದು ಮೇಲಂತಸ್ತು, ಹಾಗಾಗಿ ಬಿಟ್ಟೆ.

ಈಗ ತೊಡಕಿನ ಜೋಡಿ. ಭೂಗೋಳದ ಪಾಠದಲ್ಲಿ ಓದಿದ ಸಾಂದ್ರ (ಇಂಟೆನ್ಸಿವ್) ಬೇಸಾಯ, ವಿಸ್ತಾರ (ಎಕ್ಸ್‌ಟೆನ್ಸಿವ್) ಬೇಸಾಯ ಥಟ್ಟನೆ ನೆನಪಾಗುತ್ತವೆ. ‘ವಿಸ್ತಾರ ಹಸಿರು ಛಾವಣಿ’ ಎಂದು ಓದಿದವರು ಏನಂದುಕೊಳ್ಳುತ್ತಾರೆ? ದೊಡ್ಡ ಛಾವಣಿ ಅಂತ ಅಲ್ವಾ? ಕಸುಬಿನವರು ಹೇಳುತ್ತಿರುವುದು ಅಗಲವನ್ನಲ್ಲ, ಮಣ್ಣಿನ ದಪ್ಪವನ್ನು. ಸಾಮಾನ್ಯವಾಗಿ 15 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಎಕ್ಸ್‌ಟೆನ್ಸಿವ್. ಅದರಲ್ಲಿ ಸೀಡಮ್‌ನಂಥ, ಎಲೆಯಲ್ಲೇ ನೀರು ಕೂಡಿಡುವ ಗಿಡಗಳು ಹೆಚ್ಚು ಆರೈಕೆ ಕೇಳದೆ ಬದುಕುತ್ತವೆ. ಅದಕ್ಕಿಂತ ದಪ್ಪವಾದರೆ ಇಂಟೆನ್ಸಿವ್. ಟೊಮೆಟೊದಂಥ ಬೆಳೆಗೆ 30 ಸೆಂ.ಮೀ. ಇದ್ದರೆ ಒಳ್ಳೆಯದು. ನೀರು, ಗೊಬ್ಬರ, ದುಡಿಮೆ ಎಲ್ಲವೂ ಜಾಸ್ತಿ.

ಓದುಗರಿಗೆ ಈ ದಪ್ಪವೇ ಮುಖ್ಯ. ನೆಲದ ಮಣ್ಣು ನೆನೆದರೆ ಒಂದು ಘನ ಮೀಟರಿಗೆ ಒಂದೂವರೆ ಟನ್ ದಾಟುತ್ತದೆ. ಅಂದರೆ 30 ಸೆಂ.ಮೀ. ಹಾಸಿದರೆ ಚದರ ಮೀಟರಿಗೆ 450 ಕಿಲೋಗಿಂತ ಹೆಚ್ಚು. ಕಟ್ಟಡ ತಡೆಯುತ್ತದೋ ಇಲ್ಲವೋ ಎಂಬ ಪ್ರಶ್ನೆ ಹೆಸರಿನಲ್ಲೇ ಏಳಬೇಕು. ಅದಕ್ಕೇ ‘ತೆಳುಮಣ್ಣಿನ ಛಾವಣಿ’, ‘ದಪ್ಪಮಣ್ಣಿನ ಛಾವಣಿ’ ಎಂದು ಹಾಕಿಕೊಂಡಿದ್ದೇನೆ. ಮೂಲಕ್ಕೆ ಅಕ್ಷರಶಃ ಹೊಂದುವುದಿಲ್ಲ. ಹೊಂದಬೇಕೆಂದೇನೂ ನನಗೆ ಅನಿಸಿಲ್ಲ.

‘ರೂಫ್‌ಟಾಪ್ ಫಾರ್ಮ್’ಗೆ ಬೇರೆಯದೇ ಪದ ಬೇಕು. ನ್ಯೂಯಾರ್ಕಿನಲ್ಲಿ 2010ರಲ್ಲಿ ಶುರುವಾದ ಬ್ರೂಕ್ಲಿನ್ ಗ್ರೇಂಜ್ ಎಂಬ ಸಂಸ್ಥೆ ಛಾವಣಿಗೆ ಮಣ್ಣು ಹಾಸಿಯೇ ಬೆಳೆಯುತ್ತದೆ. ಮಾಂಟ್ರಿಯಲ್‌ನ ಲುಫಾ ಫಾರ್ಮ್ಸ್ 2011ರಲ್ಲಿ ಕಟ್ಟಿದ್ದು ಛಾವಣಿಯ ಮೇಲಿನ ಹಸಿರುಮನೆ. ಅಲ್ಲಿ ಮಣ್ಣೇ ಇಲ್ಲ, ಪೋಷಕಾಂಶ ಬೆರೆಸಿದ ನೀರಿನಲ್ಲಿ ಬೆಳೆ. ಎರಡನೆಯದನ್ನು ಹಸಿರು ಛಾವಣಿ ಅನ್ನಲಾಗದು. ಎರಡಕ್ಕೂ ಸಲ್ಲುವುದು ‘ಛಾವಣಿ ಬೇಸಾಯ’. ಜಾಗಕ್ಕೆ? ‘ಛಾವಣಿ ಹೊಲ’ ಕಿವಿಗೆ ಒಗ್ಗುತ್ತಿಲ್ಲ. ಕೈತೋಟ ಎಂದರೆ ಮಾರುವಷ್ಟು ಬೆಳೆಯುವ ಭಾವ ಬರುವುದಿಲ್ಲ.

ಕೊನೆಗೆ ‘ಗ್ರೋಯಿಂಗ್ ಮೀಡಿಯಂ’, ಅಂದರೆ ಗಿಡ ಬೇರೂರುವ ಮಿಶ್ರಣ. ‘ಬೆಳೆ ಮಾಧ್ಯಮ’ ಎಂದರೆ ರೈತರ ಟೀವಿ ಚಾನೆಲ್ ಇದ್ದಂತಿದೆ! ಭಾರ ಇಳಿಸಲು ಪ್ಯೂಮಿಸ್, ಪರ್ಲೈಟ್ ಎಂಬ ಹಗುರ ಕಲ್ಲುಚೂರು, ಸುಟ್ಟು ಉಬ್ಬಿಸಿದ ಜೇಡಿಯ ಉಂಡೆಗಳನ್ನು ಕಾಂಪೋಸ್ಟ್ ಜೊತೆ ಬೆರೆಸುತ್ತಾರೆ. ಇದನ್ನು ಮಣ್ಣು ಎಂದರೆ ತಪ್ಪಾದೀತೇ? ತಪ್ಪಾದರೆ ನನ್ನ ‘ತೆಳುಮಣ್ಣು’, ‘ದಪ್ಪಮಣ್ಣು’ ಎರಡೂ ಬಿದ್ದುಹೋಗುತ್ತವೆ. ‘ಹಗುರಮಣ್ಣು’ ಎಂದು ಸುಧಾರಿಸಬಹುದೇ, ಅಥವಾ ಯಾರಾದರೂ ಇದಕ್ಕಿಂತ ಒಳ್ಳೆಯ ಪದ ಕೇಳಿದ್ದೀರಾ?