ನಿವೃತ್ತ ಯೋಧರಿಗೆ ಶಾಲು, ಹಾರ ಬಿಟ್ಟು ಊರಿನ ಸಂಘ ಇನ್ನೇನು ಮಾಡಬಹುದು?

ಮಲಪ್ರಭಾ_ದಂಡೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಬೈಲಹೊಂಗಲ ಕಡೆಯ ಒಂದು ಹಳ್ಳಿ. ಮಿಲಿಟರಿಯಲ್ಲಿ ಒಬ್ಬರೂ ಇಲ್ಲದ ಓಣಿ ನಮ್ಮಲ್ಲಿ ಹುಡುಕಿದರೂ ಸಿಗುವುದಿಲ್ಲ. ಬೆಳಗಾವಿಯ ಮರಾಠಾ ರೆಜಿಮೆಂಟಿನ ಸೆಂಟರ್ ಹತ್ತಿರವೇ ಇದೆಯಲ್ಲ, ಭರ್ತಿ ಇದೆ ಅಂದರೆ ಸಾಕು, ನಸುಕಿನಲ್ಲೇ ಹುಡುಗರು ರಸ್ತೆ ಮೇಲೆ ಓಡುತ್ತಿರುತ್ತಾರೆ.

ನಮ್ಮದೊಂದು ಯುವಕ ಸಂಘ ಇದೆ. ಯಾರಾದರೂ ರಿಟೈರ್ ಆಗಿ ಬಂದರೆ ತೆರೆದ ಜೀಪಿನಲ್ಲಿ ಮೆರವಣಿಗೆ, ಡೊಳ್ಳು, ಆರತಿ, ಶಾಲೆಯ ಮೈದಾನದಲ್ಲಿ ಸನ್ಮಾನ. ಜುಲೈ 26ಕ್ಕೆ ಕಾರ್ಗಿಲ್ ವಿಜಯ ದಿವಸ ಮಾಡುತ್ತೇವೆ. ಊರಲ್ಲಿ ಚಂದಾ ಎತ್ತುತ್ತೇವೆ, ಜನ ಇಲ್ಲ ಅನ್ನದೆ ಕೊಡುತ್ತಾರೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಫ್ಲೆಕ್ಸು, ಪೆಂಡಾಲು, ಸೌಂಡ್ ಸಿಸ್ಟಮ್‌ಗೇ ಹೋಗುತ್ತದೆ.

ಈ ಸಲ ಕಾರ್ಯಕ್ರಮ ಮುಗಿದ ಮೇಲೆ 1971ರ ಯುದ್ಧ ಕಂಡ ಒಬ್ಬ ಅಜ್ಜ ನನ್ನನ್ನು ಪಕ್ಕಕ್ಕೆ ಕರೆದರು. "ಶಾಲು ಟ್ರಂಕ್ ತುಂಬಾ ಇವೆ ತಮ್ಮಾ, ಈ ಕಾಗದದಲ್ಲಿ ಏನು ಬರೆದಿದ್ದಾರೆ ಓದಿ ಹೇಳು" ಅಂತ ಜೇಬಿನಿಂದ ಒಂದು ಇಂಗ್ಲಿಷ್ ಪತ್ರ ತೆಗೆದರು. ನನಗೂ ಪೂರ್ತಿ ಅರ್ಥ ಆಗಲಿಲ್ಲ, ಏನೋ ದಾಖಲೆ ಕಳಿಸಿ ಅಂತ ಇತ್ತು.

ಈಗ ಸಂಘದಲ್ಲಿ ಎರಡು ಗುಂಪು. ಒಂದು ಗುಂಪಿಗೆ ಊರ ಬಾಗಿಲಲ್ಲಿ ಸ್ಮಾರಕ ಕಟ್ಟಬೇಕು. ಇನ್ನೊಂದು ಗುಂಪು ಸಹಾಯ ಮಾಡೋಣ ಅನ್ನುತ್ತದೆ, ಆದರೆ ಯಾವ ಸಹಾಯ ಅಂತ ಕೇಳಿದರೆ ಯಾರ ಬಳಿಯೂ ಉತ್ತರ ಇಲ್ಲ. ನಿಮ್ಮೂರಲ್ಲಿ ಹೇಗೆ ಮಾಡುತ್ತೀರಿ? ಎಲ್ಲಿಂದ ಶುರು ಮಾಡಬೇಕು? ಗೊತ್ತಿದ್ದವರು ಬಿಡಿಸಿ ಹೇಳಿ.

ಹಳೇ_ಸ್ಯಾಪರ್:

ತಮ್ಮಾ, ನಾನು ಸೈನ್ಯದ ಎಂಜಿನಿಯರ್ ದಳ ಎಂಇಜಿಯಿಂದ ಹವಾಲ್ದಾರ್ ಆಗಿ ರಿಟೈರ್ ಆದವನು. ಮೊದಲು ಒಂದು ಮಾತು, ಮೆರವಣಿಗೆ ನಿಲ್ಲಿಸಬೇಡಿ. ನನಗೂ ಮಾಡಿದ್ದರು. ಜೀಪಿನ ಮೇಲೆ ನಿಂತಾಗ ನಮ್ಮಪ್ಪನ ಮುಖದಲ್ಲಿ ಇದ್ದ ಖುಷಿ ಯಾವ ಪಿಂಚಣಿಯಲ್ಲೂ ಸಿಗುವುದಿಲ್ಲ.

ಆದರೆ ಹೊಸದಾಗಿ ರಿಟೈರ್ ಆದವನಿಗೆ ನಿಮ್ಮ ಸಹಾಯ ಅಷ್ಟು ಬೇಕಿಲ್ಲ. ಅವನಿಗೆ ಪಿಂಚಣಿ ಬರುತ್ತದೆ, ಕಡಿಮೆ ಬೆಲೆಗೆ ಸಾಮಾನು ಸಿಗುವ ಕ್ಯಾಂಟೀನ್ ಕಾರ್ಡ್ ಇರುತ್ತದೆ, ಮಾಜಿ ಸೈನಿಕರ ಆಸ್ಪತ್ರೆ ಯೋಜನೆ ಇಸಿಎಚ್‌ಎಸ್ ಇರುತ್ತದೆ, ಕೈಯಲ್ಲಿ ಮೊಬೈಲ್ ಇರುತ್ತದೆ. ನೀವು ಹುಡುಕಬೇಕಾದದ್ದು ಮೆರವಣಿಗೆ ಕಾಣದೆ ಮನೆಗೆ ಬಂದವರನ್ನು. ಜವಾನರಿಗೆ 15 ವರ್ಷ ಸೇವೆ ತುಂಬಿದರೆ ಮಾತ್ರ ಸರ್ವೀಸ್ ಪಿಂಚಣಿ. ಹಿಂದೆ ಏಳೆಂಟು ವರ್ಷ ಮಾಡಿ ಬಂದವರು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅವರಿಗೆ ತಿಂಗಳಿಗೆ ಏನೂ ಬರುವುದಿಲ್ಲ. ಯುದ್ಧದ ಮೆಡಲ್ ಮಾತ್ರ ಗೋಡೆ ಮೇಲೆ ಇರುತ್ತದೆ.

ಅಂಥವರಿಗಾಗಿ ಕೇಂದ್ರೀಯ ಸೈನಿಕ ಮಂಡಳಿಯಿಂದ ಒಂದು ಸಹಾಯಧನ ಇದೆ. ಪೆನ್ಯುರಿ ಗ್ರ್ಯಾಂಟ್ ಅನ್ನುತ್ತಾರೆ. 65 ವರ್ಷ ದಾಟಿರಬೇಕು, ಹವಾಲ್ದಾರ್ ಅಥವಾ ಅದಕ್ಕಿಂತ ಕೆಳಗಿನ ರ‍್ಯಾಂಕ್ ಇರಬೇಕು, ಪಿಂಚಣಿ ಇರಬಾರದು. ಗಂಡ ತೀರಿಕೊಂಡಿದ್ದರೆ ಹೆಂಡತಿಯೂ ಅರ್ಜಿ ಹಾಕಬಹುದು. ಮೊದಲು ತಿಂಗಳಿಗೆ 4,000 ಇತ್ತು, 2025ರ ನವೆಂಬರ್‌ನಿಂದ 8,000 ಮಾಡಿದ್ದಾರೆ. ಮಕ್ಕಳ ಓದಿಗೆ ಕೊಡುವುದನ್ನೂ ಒಂದು ಮಗುವಿಗೆ ತಿಂಗಳಿಗೆ 1,000 ಇದ್ದದ್ದನ್ನು 2,000 ಮಾಡಿದರು, ಮಗಳ ಮದುವೆಯ ಸಹಾಯ 50,000 ಇದ್ದದ್ದು ಒಂದು ಲಕ್ಷ ಆಯಿತು. ಇದು ಎಷ್ಟು ಹಳ್ಳಿಗಳಿಗೆ ಗೊತ್ತು ಹೇಳಿ? ಡಿಸೆಂಬರ್ 7ರ ಧ್ವಜ ದಿನಕ್ಕೆ ಶಾಲೆಯಲ್ಲಿ ಮಕ್ಕಳಿಗೆ ಸ್ಟಿಕ್ಕರ್ ಕೊಟ್ಟು ದುಡ್ಡು ತೆಗೆದುಕೊಳ್ಳುತ್ತಾರಲ್ಲ, ಈ ಸಹಾಯವೆಲ್ಲ ಆ ಧ್ವಜ ದಿನದ ನಿಧಿಯಿಂದಲೇ ಬರುವುದು. ದುಡ್ಡು ಕೊಟ್ಟವರು ನೀವು, ಪಡೆಯಬೇಕಾದವರು ನಿಮ್ಮೂರಲ್ಲೇ ಇದ್ದಾರೆ, ನಡುವೆ ಒಂದು ಅರ್ಜಿ ತುಂಬುವವರು ಇಲ್ಲ ಅಷ್ಟೇ.

ಅರ್ಜಿ ಆನ್‌ಲೈನ್‌ನಲ್ಲಿ ಹಾಕಬೇಕು, ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯವರು ಪರಿಶೀಲಿಸಿ ಮುಂದೆ ಕಳಿಸುತ್ತಾರೆ. ಸೇವೆಯಿಂದ ಬಿಡುಗಡೆ ಆದಾಗ ಕೊಡುವ ಡಿಸ್ಚಾರ್ಜ್ ಪುಸ್ತಕ ಮುಖ್ಯ. ಅದು ಕಳೆದಿದ್ದರೆ ಮೊದಲು ಅವರ ರೆಜಿಮೆಂಟಿನ ರೆಕಾರ್ಡ್ಸ್ ಆಫೀಸಿಗೆ ಬರೆಯಬೇಕು. ಸ್ವಂತ ಇಚ್ಛೆಯಿಂದ ಬಿಟ್ಟು ಬಂದವರ ವಿಷಯ ಸ್ವಲ್ಪ ತೊಡಕು, ಅವರಿಗೆ ಆಸೆ ಹುಟ್ಟಿಸುವ ಮೊದಲು ಕಚೇರಿಯಲ್ಲಿ ಕೇಳಿಕೊಳ್ಳಿ. ಆ ಅಜ್ಜನ ಪತ್ರವನ್ನೂ ಅಲ್ಲಿಗೇ ತೆಗೆದುಕೊಂಡು ಹೋಗಿ. ಇಲ್ಲಿ ಫೋಟೊ ಹಾಕಬೇಡಿ, ಅದರಲ್ಲಿ ಆರ್ಮಿ ನಂಬರ್ ಇರುತ್ತದೆ.

ಸೇವಾಕೇಂದ್ರದ_ಅಕ್ಕ:

ನಾನು ಹಳ್ಳಿಯಲ್ಲಿ ಸರ್ಕಾರಿ ಅರ್ಜಿಗಳನ್ನು ಆನ್‌ಲೈನ್‌ನಲ್ಲಿ ಹಾಕಿಕೊಡುವ ಸಿಎಸ್‌ಸಿ ಕೇಂದ್ರ ನಡೆಸುತ್ತೇನೆ. ಮೇಲಿನ ಸರ್ ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ.

ಪಿಂಚಣಿ ಬರುವವರಿಗೂ ಕಷ್ಟ ಇದೆ ರೀ. ಈಗ ಮಿಲಿಟರಿ ಪಿಂಚಣಿ ಎಲ್ಲ ಸ್ಪರ್ಶ್ ಅನ್ನುವ ಆನ್‌ಲೈನ್ ವ್ಯವಸ್ಥೆಗೆ ಹೋಗಿದೆ. ಮೊದಲು ಬ್ಯಾಂಕಿನ ಮ್ಯಾನೇಜರ್ ಮುಖ ನೋಡಿ ಸಹಿ ಹಾಕಿಸಿಕೊಳ್ಳುತ್ತಿದ್ದರು, ಮುಗಿಯಿತು. ಈಗ ವರ್ಷಕ್ಕೊಮ್ಮೆ ಬದುಕಿದ್ದೇನೆ ಅನ್ನುವ ಜೀವನ ಪ್ರಮಾಣವನ್ನು ಆನ್‌ಲೈನ್‌ನಲ್ಲಿ ಕೊಡಬೇಕು, ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ. ಹೊಲದಲ್ಲಿ ದುಡಿದ ಕೈಗಳು, ಬೆರಳಚ್ಚು ಸವೆದಿರುತ್ತದೆ, ಮಷಿನ್ ಮೇಲೆ ಹತ್ತು ಸಲ ಒತ್ತಿದರೂ ಬರುವುದಿಲ್ಲ. ಅಜ್ಜಂದಿರು "ನಾನು ಸತ್ತೆ ಅಂತ ಬರುತ್ತಿದೆಯಾ ನೋಡವ್ವಾ" ಅಂತ ನಗಾಡುತ್ತಾರೆ, ಆದರೆ ಒಳಗೆ ಗಾಬರಿ ಇರುತ್ತದೆ. ಇದಕ್ಕೆ ಮುಖ ತೋರಿಸಿ ಮಾಡುವ ಮೊಬೈಲ್ ಆ್ಯಪ್ ಇದೆ. ಒಂದು ಒಳ್ಳೆಯ ಫೋನು, ಒಳ್ಳೆಯ ಬೆಳಕು ಇದ್ದರೆ ಮನೆಯ ಕಟ್ಟೆ ಮೇಲೆ ಕುಳಿತೇ ಮುಗಿಯುತ್ತದೆ. ಹಾಸಿಗೆ ಹಿಡಿದವರಿಗೆ ಇದು ಸುಲಭದ ದಾರಿ. ನಿಮ್ಮ ಸಂಘದ ಹುಡುಗರು ಮನೆ ಮನೆಗೆ ಹೋಗಿ ಇದೊಂದು ಮಾಡಿದರೂ ದೊಡ್ಡ ಉಪಕಾರ.

ಇನ್ನೊಂದು ಹೆಸರಿನ ಗೋಜಲು. ಮಿಲಿಟರಿ ದಾಖಲೆಯಲ್ಲಿ ಹೆಂಡತಿಯ ಹೆಸರು ಒಂದು, ಆಧಾರ್‌ನಲ್ಲಿ ಇನ್ನೊಂದು, ರೇಷನ್ ಕಾರ್ಡಿನಲ್ಲಿ ಮತ್ತೊಂದು. ಮದುವೆಯಾದ ಮೇಲೆ ಹೆಸರು ಬದಲಿಸುವ ಪದ್ಧತಿ ನಮ್ಮ ಕಡೆ ಇತ್ತಲ್ಲ. ಇನ್ನು ಹುಟ್ಟಿದ ತಾರೀಖು ಅಂದರೆ ಅರ್ಧ ಜನಕ್ಕೆ ಜೂನ್ 1. ಗಂಡ ಇರುವಾಗಲೇ ಇದನ್ನು ಸರಿ ಮಾಡಿಸಿದರೆ ಸುಲಭ. ಅವರು ಹೋದ ಮೇಲೆ ಆ ಹೆಣ್ಣುಮಗಳು ಅಫಿಡವಿಟ್, ಪಂಚಾಯಿತಿ ದಾಖಲೆ ಅಂತ ತಿಂಗಳುಗಟ್ಟಲೆ ಅಲೆಯಬೇಕು. ಕುಟುಂಬ ಪಿಂಚಣಿ ಅಲ್ಲಿಯವರೆಗೆ ನಿಂತಿರುತ್ತದೆ. ಮರಣ ಆದ ತಕ್ಷಣ ತಿಳಿಸಿ ಅಂತಲೂ ಹೇಳಿ. ತಿಳಿಸದೆ ಎಟಿಎಂನಿಂದ ತೆಗೆಯುತ್ತಾ ಹೋದರೆ ಮುಂದೆ ಅಷ್ಟೂ ವಾಪಸ್ ಕಟ್ಟಬೇಕಾಗುತ್ತದೆ.

ಒಂದು ಎಚ್ಚರಿಕೆ. ಸಂಘದ ಯಾರೂ ಅವರ ಪಾಸ್‌ವರ್ಡ್ ಬರೆದಿಟ್ಟುಕೊಳ್ಳಬೇಡಿ. ಲಾಗಿನ್ ಮಾಡುವಾಗ ಮನೆಯವರು ಪಕ್ಕದಲ್ಲಿ ಇರಲಿ, ಓಟಿಪಿ ಅವರೇ ಓದಿ ಹಾಕಲಿ. ಪಿಂಚಣಿ ಆಫೀಸಿನಿಂದ ಅಂತ ಫೋನ್ ಮಾಡಿ ದುಡ್ಡು ಹೊಡೆಯುವವರು ಬೇಕಾದಷ್ಟು ಇದ್ದಾರೆ, ನಾಳೆ ಏನಾದರೂ ಆದರೆ ಮೊದಲು ಬೆರಳು ತೋರಿಸುವುದು ನಿಮ್ಮ ಕಡೆಗೇ.

ತೋಟದ_ಮನೆ:

ಕೊಡಗಿನಿಂದ ಬರೆಯುತ್ತಿದ್ದೇನೆ. ಸ್ಮಾರಕ ಅಂದರೆ ದುಡ್ಡು ದಂಡ ಅನ್ನುವ ಹಾಗೆ ಯಾರೂ ಅದರ ಮಾತೇ ಎತ್ತುತ್ತಿಲ್ಲ, ಅದಕ್ಕೆ ನನ್ನ ತಕರಾರು ಇದೆ.

ಮಡಿಕೇರಿಯ ಸನ್ನಿ ಸೈಡ್ ನೋಡಿದ್ದೀರಾ? ಸೇನಾ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯ ಹುಟ್ಟಿ ಬೆಳೆದ ಮನೆ. ಎಷ್ಟೋ ವರ್ಷ ಅದರಲ್ಲಿ ಆರ್‌ಟಿಒ ಆಫೀಸ್ ಇತ್ತು, ಜನ ಅಲ್ಲಿಗೆ ಲೈಸೆನ್ಸ್ ಮಾಡಿಸಲು ಹೋಗುತ್ತಿದ್ದರು! ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಮತ್ತು ಜನರಲ್ ತಿಮ್ಮಯ್ಯ ಫೋರಂ ಅಂತ ಇಲ್ಲಿನವರೇ ಕಟ್ಟಿಕೊಂಡ ಒಂದು ಗುಂಪು ಸರ್ಕಾರದ ಬೆನ್ನು ಬಿದ್ದಿತು. ಕೊನೆಗೆ ಮನೆ ಮ್ಯೂಸಿಯಂ ಆಯಿತು, 2021ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ರಾಮನಾಥ ಕೋವಿಂದ್ ಬಂದು ಉದ್ಘಾಟನೆ ಮಾಡಿದರು. ಈಗ ಶಾಲೆ ಮಕ್ಕಳು ಬಂದು ನೋಡುತ್ತಾರೆ. ಇದು ಸಹಾಯ ಅಲ್ಲವಾ? ನನ್ನ ಪ್ರಕಾರ ಇದೂ ಬೇಕು.

ಆದರೆ ಒಂದು ವ್ಯತ್ಯಾಸ ಇದೆ. ಅಲ್ಲಿ ಉಳಿಸಿಕೊಳ್ಳಲು ಒಂದು ಮನೆ ಇತ್ತು, ಬೆನ್ನು ಬಿಡದ ಜನ ಇದ್ದರು. ಊರ ಬಾಗಿಲಲ್ಲಿ ಸುಮ್ನೆ ಒಂದು ಸಿಮೆಂಟ್ ಕಂಬ ನಿಲ್ಲಿಸಿ, ಒಂದು ಬಂದೂಕಿನ ಆಕಾರ, ಮೇಲೊಂದು ಟೋಪಿ, ಕೆಳಗೆ ದುಡ್ಡು ಕೊಟ್ಟವರ ಹೆಸರು ದೊಡ್ಡದಾಗಿ ಕೆತ್ತಿಸಿ, ಎರಡು ಮಳೆಗಾಲ ಕಳೆದ ಮೇಲೆ ಪಾಚಿ ಕಟ್ಟಿದರೆ ಯಾರು ತೊಳೆಯುತ್ತಾರೆ? ಕಟ್ಟುವುದಾದರೆ ಮೊದಲು ನಿಮ್ಮೂರಿಂದ ಯಾರು ಯಾರು ಹೋಗಿದ್ದರು, ಯಾವ ರೆಜಿಮೆಂಟು, ಯಾವ ಇಸವಿ ಅಂತ ಪಟ್ಟಿ ಮಾಡಿ. ಎರಡನೇ ಮಹಾಯುದ್ಧಕ್ಕೆ ಹೋದವರ ಮೊಮ್ಮಕ್ಕಳಿಗೆ ಸ್ವಲ್ಪವಾದರೂ ನೆನಪಿರುತ್ತದೆ, ಇನ್ನೊಂದು ತಲೆಮಾರು ಕಳೆದರೆ ಅದೂ ಇಲ್ಲ. ಆ ಪಟ್ಟಿ ಮಾಡಲು ಮನೆ ಮನೆ ಹೋದಾಗ ಯಾರಿಗೆ ಏನು ಕಷ್ಟ ಅನ್ನುವುದು ತಾನಾಗಿ ಗೊತ್ತಾಗುತ್ತದೆ. ನಿಮ್ಮ ಎರಡು ಗುಂಪಿಗೂ ಕೆಲಸ ಸಿಕ್ಕಿತಲ್ಲ.

ಅಂದಹಾಗೆ ಜನವರಿ 14 ಮಾಜಿ ಸೈನಿಕರ ದಿನ. 1953ರಲ್ಲಿ ಸೇನೆಯ ಮೊದಲ ಭಾರತೀಯ ಮುಖ್ಯಸ್ಥ ಕಾರ್ಯಪ್ಪನವರು ನಿವೃತ್ತರಾದ ದಿನ ಅದು. ಜುಲೈ 26 ಮಡಿದವರ ನೆನಪಿಗೆ ಇರಲಿ, ಬದುಕಿರುವವರನ್ನು ಕೂರಿಸಿ ಮಾತಾಡಿಸುವುದಕ್ಕೆ ಈ ದಿನ ಇಟ್ಟುಕೊಳ್ಳಿ. ಸಂಕ್ರಾಂತಿಗೆ ಮನೆ ಮಂದಿ ಹೇಗೂ ಊರಲ್ಲೇ ಇರುತ್ತಾರೆ.

ನೇರಮಾತು_77:

ಬೈಯಬೇಡಿ, ಒಂದು ಪ್ರಶ್ನೆ. ಮಿಲಿಟರಿಯವರಿಗೆ ಪಿಂಚಣಿ, ಕ್ಯಾಂಟೀನು, ಆಸ್ಪತ್ರೆ, ಕೆಲಸದಲ್ಲಿ ಮೀಸಲಾತಿ ಎಲ್ಲ ಇದೆ. ಚರಂಡಿ ಕ್ಲೀನ್ ಮಾಡುವವರಿಗೆ, ಲೈನ್‌ಮನ್‌ಗೆ ಯಾವ ಸಂಘ ಜೀಪ್ ಮೆರವಣಿಗೆ ಮಾಡುತ್ತದೆ? ಅವರೂ ಜೀವ ಒತ್ತೆ ಇಡುತ್ತಾರೆ ಅಲ್ವಾ?

ಹಳೇ_ಸ್ಯಾಪರ್:

ಬೈಯುವುದೇನಿಲ್ಲ, ಸರಿಯಾಗೇ ಕೇಳಿದ್ದೀರಿ. ಲೈನ್‌ಮನ್‌ಗೂ ಮಾಡಿ, ನಾನೇ ಬಂದು ಹಾರ ಹಾಕುತ್ತೇನೆ. ಆದರೆ ಎಲ್ಲ ಇದೆ ಅಂದಿರಲ್ಲ, ಅದು ಕಾಗದದ ಮೇಲೆ. ಇಸಿಎಚ್‌ಎಸ್ 2003ರಲ್ಲಿ ಬಂತು, ಒಳ್ಳೆಯ ಯೋಜನೆ. ಆದರೆ ಅದರ ಚಿಕಿತ್ಸಾ ಕೇಂದ್ರ, ಅಂದರೆ ಪಾಲಿಕ್ಲಿನಿಕ್, ಇರುವುದು ದೊಡ್ಡ ಊರುಗಳಲ್ಲಿ. ಮಂಡಿ ನೋವಿನ 80ರ ಮುದುಕ ಹಳ್ಳಿಯಿಂದ ಎರಡು ಬಸ್ಸು ಬದಲಿಸಿ, ಬಿಪಿ ಮಾತ್ರೆಗೆ ಸಾಲಿನಲ್ಲಿ ನಿಂತು, ಸಂಜೆ ಮನೆ ಸೇರಬೇಕು.

ಇನ್ನೊಂದು ವಿಷಯ ಮೊದಲೇ ಬರೆಯಬೇಕಿತ್ತು. ಮುಂದೆ ಅಗ್ನಿವೀರರು ಬರುತ್ತಾರೆ. 2022ರಲ್ಲಿ ಶುರುವಾದ ಯೋಜನೆ, ನಾಲ್ಕು ವರ್ಷ ಸೇವೆ, ನಾಲ್ವರಲ್ಲಿ ಒಬ್ಬರನ್ನು ಉಳಿಸಿಕೊಳ್ಳುತ್ತಾರೆ ಅಂತ ನಿಯಮ. ಉಳಿದವರು ಸೇವೆ ಮುಗಿದಾಗ ಕೊಡುವ ಸೇವಾ ನಿಧಿಯ ಹನ್ನೊಂದು ಮುಕ್ಕಾಲು ಲಕ್ಷದಷ್ಟು ದುಡ್ಡು ಹಿಡಿದು, ಪಿಂಚಣಿ ಇಲ್ಲದೆ, ಇನ್ನೂ ಮೀಸೆ ಸರಿಯಾಗಿ ಬಲಿಯದ ವಯಸ್ಸಿನಲ್ಲಿ ಮನೆಗೆ ಬರುತ್ತಾರೆ. ಆ ಹುಡುಗನಿಗೆ ಜೀಪ್ ಮೆರವಣಿಗೆ ಮಾಡುತ್ತೀರೋ ಇಲ್ಲವೋ? ದುಡ್ಡು ಬಂದಿದೆ ಅಂತ ಗೊತ್ತಾದರೆ ಸೈಟು ಮಾರುವವರು, ಚೀಟಿ ಹಾಕಿಸುವವರು ಬಾಗಿಲಲ್ಲೇ ನಿಂತಿರುತ್ತಾರೆ. ಯಾವ ಪರೀಕ್ಷೆ ಬರೆಯಬಹುದು, ಎಲ್ಲಿ ಕೆಲಸ ಇದೆ ಅಂತ ಹೇಳುವ ಹಿರಿಯರು ಊರಲ್ಲಿ ಬೇಕು. ಅದು ನಮ್ಮಂಥ ರಿಟೈರ್ ಆದವರ ಕೆಲಸ, ಸಂಘದವರು ಜಾಗ ಮತ್ತು ಚಹಾ ಕೊಟ್ಟರೆ ಸಾಕು.

ಗೋಕಾಕದ_ಮಗಳು:

ನಮ್ಮಪ್ಪ ಸೇವೆಯಲ್ಲಿ ಇದ್ದಾಗಲೇ ತೀರಿಕೊಂಡರು. ನಾನು ಆಗ ಸಣ್ಣವಳು. ಹೇಳಬೇಕೋ ಬೇಡವೋ ಅಂತ ಯೋಚಿಸಿ ಬರೆಯುತ್ತಿದ್ದೇನೆ.

ಪ್ರತಿ ವರ್ಷ ಅವ್ವನನ್ನು ವೇದಿಕೆಗೆ ಕರೆಯುತ್ತಾರೆ. ಯಾರೋ ಮೈಕಿನಲ್ಲಿ ಅಪ್ಪ ಹೇಗೆ ಸತ್ತರು ಅನ್ನುವುದನ್ನು ಇಲ್ಲದ್ದನ್ನೂ ಸೇರಿಸಿ ವರ್ಣಿಸುತ್ತಾರೆ. ಜನ ಚಪ್ಪಾಳೆ ಹೊಡೆಯುತ್ತಾರೆ. ಆಮೇಲೆ ಮುತ್ತೈದೆಯರಿಂದ ಆರತಿ ಅಂತ ಕೂಗುತ್ತಾರೆ, ಪಕ್ಕದ ಹೆಂಗಸರಿಗೆಲ್ಲ ಅರಿಶಿನ ಕುಂಕುಮ ಕೊಡುತ್ತಾರೆ, ಅವ್ವನ ಮುಂದೆ ಬಂದಾಗ ತಟ್ಟೆ ಹಾಗೇ ಮುಂದಕ್ಕೆ ಹೋಗುತ್ತದೆ. ವೀರ ನಾರಿ ಅಂತ ಫ್ಲೆಕ್ಸಿನಲ್ಲಿ ಬರೆದವರೇ ಅದನ್ನು ಮಾಡುತ್ತಾರೆ! ಕೆಟ್ಟ ಮನಸ್ಸಿನಿಂದ ಅಲ್ಲ, ರೂಢಿ. ಮೂರನೇ ಸಲ ಅವ್ವ ಹುಷಾರಿಲ್ಲ ಅಂತ ಹೇಳಿ ಹೋಗಲಿಲ್ಲ.

ದಯವಿಟ್ಟು ಕರೆಯುವ ಮೊದಲು ಕೇಳಿ, ಬರುತ್ತೀರಾ, ಮಾತಾಡಬೇಕಾ ಬೇಡವಾ, ಏನು ಹೇಳಬಹುದು ಅಂತ. ಕುಂಕುಮ ಕೊಡುವುದಾದರೆ ಎಲ್ಲರಿಗೂ ಕೊಡಿ, ಇಲ್ಲದಿದ್ದರೆ ಯಾರಿಗೂ ಬೇಡ. ಅವ್ವನಿಗೆ ನಿಜವಾಗಿ ಉಪಯೋಗ ಆದದ್ದು ಅಪ್ಪನ ಜೊತೆ ಕೆಲಸ ಮಾಡಿದ ಒಬ್ಬ ಕಾಕಾ. ಒಂದು ಸಲವೂ ವೇದಿಕೆ ಹತ್ತಿದವರಲ್ಲ. ನನ್ನ ಕಾಲೇಜಿನ ಸ್ಕಾಲರ್‌ಶಿಪ್ ಅರ್ಜಿಯಿಂದ ಹಿಡಿದು ಹೊಲದ ವಾಟ್ನಿ (ಪಾಲು) ಜಗಳದ ತನಕ ಜೊತೆಗೆ ಬಂದು ಕುಳಿತರು. ಭಾವಂದಿರು ಜೋರು ಮಾಡಲು ಬಂದಾಗ ಮೂಲೆಯಲ್ಲಿ ಒಬ್ಬ ಮಾಜಿ ಸುಬೇದಾರ್ ಕುಳಿತಿದ್ದರೆ ಮಾತಿನ ದನಿ ತಾನಾಗಿ ಇಳಿಯುತ್ತದೆ.

ಮಲಪ್ರಭಾ_ದಂಡೆ:

ಎಲ್ಲರಿಗೂ ಧನ್ಯವಾದ. ಗೋಕಾಕದ ಅಕ್ಕಾ, ಆರತಿ ವಿಷಯ ನಮ್ಮಲ್ಲೂ ಹಾಗೇ ನಡೆಯುತ್ತದೆ, ಯಾರೂ ಯೋಚಿಸಿಯೇ ಇರಲಿಲ್ಲ. ಸಂಘದ ಹೆಣ್ಣುಮಕ್ಕಳಿಗೆ ನಿಮ್ಮ ಬರಹ ಓದಿ ಹೇಳಿದೆ. ಮುಂದಿನ ಸಲ ಆರತಿ ಹಿಡಿಯುವುದು ಯಾರು ಅಂತ ಅವರೇ ನಿರ್ಧರಿಸುತ್ತಾರೆ.

ನಿನ್ನೆ ಮೀಟಿಂಗ್ ಆಯಿತು. ಸ್ಮಾರಕ ಈ ವರ್ಷ ಬೇಡ, ಮೊದಲು ಮನೆ ಮನೆಗೆ ಹೋಗಿ ಸೈನಿಕರ ಪಟ್ಟಿ ಮಾಡುವುದು. ಅಜ್ಜನ ಪತ್ರ ಹಿಡಿದು ಸೋಮವಾರ ಬೆಳಗಾವಿಗೆ ಹೋಗುತ್ತಿದ್ದೇವೆ. ಊರಿನ ಒಬ್ಬರು ರಿಟೈರ್ಡ್ ಸುಬೇದಾರ್ ಸಾಹೇಬರು ಜೊತೆಗೆ ಬರಲು ಒಪ್ಪಿದ್ದಾರೆ. ಪಾಲಿಕ್ಲಿನಿಕ್‌ಗೆ ತಿಂಗಳಿಗೊಮ್ಮೆ ಒಂದು ಕ್ರೂಸರ್ ಗಾಡಿ ಬಿಡೋಣ, ಡೀಸೆಲ್ ಖರ್ಚು ಸಂಘದ್ದು ಅಂತ ಮಾತಾಗಿದೆ, ಡ್ರೈವರ್ ಇನ್ನೂ ಸಿಕ್ಕಿಲ್ಲ. ದುಡ್ಡು ಫ್ಲೆಕ್ಸಿನಿಂದ ಉಳಿಸಬೇಕು, ಅಲ್ಲೇ ಜಗಳ ನಿಂತಿದೆ. ಫ್ಲೆಕ್ಸಿನಲ್ಲಿ ಫೋಟೊ ಇಲ್ಲದಿದ್ದರೆ ಚಂದಾ ಯಾರು ಕೊಡುತ್ತಾರೆ ಅಂತ ನಮ್ಮ ಖಜಾಂಚಿ ಕೇಳುತ್ತಿದ್ದಾರೆ.

ಸೇವಾಕೇಂದ್ರದ_ಅಕ್ಕ:

ಗಾಡಿಯ ಹಿಂದಿನ ಗಾಜಿನ ಮೇಲೆ ಚಂದಾ ಕೊಡುವವರ ಫೋಟೊ ಅಂಟಿಸಿ ಬಿಡಿ. ಫ್ಲೆಕ್ಸು ಒಂದು ವಾರ ಇರುತ್ತದೆ, ಗಾಡಿ ವರ್ಷವಿಡೀ ಬೆಳಗಾವಿಗೆ ಹೋಗಿ ಬರುತ್ತದೆ ಅಂತ ಹೇಳಿ, ಡೀಸೆಲ್ ದುಡ್ಡು ಅವರೇ ಕೊಡುತ್ತಾರೆ.